ಬೋಗಿ ಬೆಳೆಸುವ ಲೋಕಲ್: ರಸ್ಟ್‌ನಲ್ಲಿ ಬರೆದು ಬ್ರೌಸರಿನಲ್ಲಿ ಆಡುವ ಒಂದು ಪುಟ್ಟ ಆಟ

"ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ, ಆದರೆ ಪುಸ್ತಕದ ಉದಾಹರಣೆಗಳಲ್ಲಿ ಮನಸ್ಸು ನಿಲ್ಲುವುದಿಲ್ಲ. ಒಂದು ಆಟ ಬರೆದು ಬ್ರೌಸರಿನಲ್ಲಿ ಓಡಿಸಬಹುದೇ?" ಡೊಂಬಿವಲಿಯಿಂದ, ಮೀರಾ ರೋಡಿನಿಂದ, ನವಿ ಮುಂಬಯಿಯಿಂದ ಈ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇದೆ. ಅದರ ಬೆನ್ನಿಗೇ ಇನ್ನೊಂದು: "ಆಟದೊಳಗೆ ಕನ್ನಡ ಬರೆಯಲು ಹೋದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ, ಏನು ಮಾಡಲಿ?" ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ನಿಮಗೆ ಯಾವುದಾದರೂ ಒಂದು ಭಾಷೆಯಲ್ಲಿ ಲೂಪು, ಫಂಕ್ಷನ್ ಬರೆದು ಗೊತ್ತಿದ್ದರೆ ಸಾಕು. ರಸ್ಟ್ ಪೂರ್ತಿ ಬರಬೇಕೆಂದಿಲ್ಲ.

ಆಟ ಯಾವುದು? ನೋಕಿಯಾ ಫೋನಿನಲ್ಲಿ ಆಡಿದ ಹಾವಿನ ಆಟ ನೆನಪಿದೆಯಲ್ಲ, ಅದೇ. 1997ರ ನೋಕಿಯಾ 6110ರಲ್ಲಿ ಬಂದದ್ದರಿಂದ ಅದು ಮೊಬೈಲಿನ ಕೂಸು ಎಂದು ನಾವು ತಿಳಿದಿದ್ದೇವೆ. ಆದರೆ ಅದರ ಅಜ್ಜ 1976ರ ‘ಬ್ಲಾಕೇಡ್’ ಎಂಬ ಆರ್ಕೇಡ್ ಆಟ, ಅಂದರೆ ನಾಣ್ಯ ಹಾಕಿ ನಿಂತು ಆಡುವ ಪೆಟ್ಟಿಗೆಯದು. ನಾವು ಹಾವನ್ನು ಮುಂಬಯಿಯ ಲೋಕಲ್ ಗಾಡಿ ಮಾಡೋಣ. ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) 3 ಬೋಗಿಯೊಂದಿಗೆ ಹೊರಡುತ್ತದೆ. ಪ್ರತಿ ನಿಲ್ದಾಣ ಮುಟ್ಟಿದಾಗ ಒಂದು ಬೋಗಿ ಸೇರುತ್ತದೆ. ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಭಾಯಖಳಾ ಎಂದು ಎಣಿಸುತ್ತ ಹೋದರೆ ಹನ್ನೆರಡನೆಯದು ಘಾಟ್ಕೋಪರ್. ಅಲ್ಲಿಗೆ 15 ಬೋಗಿಗಳಾಗುತ್ತವೆ, ನೀವು ಗೆಲ್ಲುತ್ತೀರಿ. ತನ್ನದೇ ಬೋಗಿಗೆ ಡಿಕ್ಕಿ ಹೊಡೆದರೆ ಆಟ ಮುಗಿಯಿತು.

ಈ ಲೇಖನದಲ್ಲಿ ಆದೇಶಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ಫಂಕ್ಷನ್ನುಗಳ ಹೆಸರಿನಲ್ಲಿ ಪದಗಳ ನಡುವೆ ಅಡಿಗೀಟು ಬರುತ್ತದೆ. ಅದನ್ನು ಪ್ರತಿ ಸಲ ಹೇಳುವುದಿಲ್ಲ.

ಬೇಕಾದದ್ದು ಏನು

ಕೆಲವು ಜಿಬಿ ಖಾಲಿ ಜಾಗವಿರುವ ಲ್ಯಾಪ್‌ಟಾಪ್, ಒಂದು ಕೋಡ್ ಎಡಿಟರ್, ಮೊದಲ ದಿನ ಮಾತ್ರ ಒಳ್ಳೆಯ ಇಂಟರ್ನೆಟ್. ವಿಂಡೋಸ್ ಆದರೆ ಮೈಕ್ರೋಸಾಫ್ಟ್‌ನ ಸಿ++ ಬಿಲ್ಡ್ ಟೂಲ್ಸ್ ಕೂಡ ಬೇಕು, ಅದು ದೊಡ್ಡ ಡೌನ್‌ಲೋಡ್. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಬೇಡಿ.

ಆಟ ಬರೆಯಲು ರಸ್ಟ್‌ನಲ್ಲಿ ಹಲವು ಕ್ರೇಟುಗಳಿವೆ. ಕ್ರೇಟ್ ಎಂದರೆ ಬೇರೆಯವರು ಬರೆದು ಹಂಚಿದ ಕೋಡಿನ ಕಟ್ಟು. ಬೆವಿ ಶಕ್ತಿಶಾಲಿಯಾದದ್ದು, ಆದರೆ ಈ ಆಟಕ್ಕೆ ಅದನ್ನು ತರುವುದೆಂದರೆ ಮಾಟುಂಗಾದಿಂದ ದಾದರಿಗೆ ಹೋಗಲು ರಾಜಧಾನಿ ಎಕ್ಸ್‌ಪ್ರೆಸ್ ಹತ್ತಿದಂತೆ. ನಾನು ಮ್ಯಾಕ್ರೋಕ್ವಾಡ್ ಆರಿಸಿದ್ದೇನೆ. ಅದರ ಫಂಕ್ಷನ್ನುಗಳ ಹೆಸರು ನೋಡಿದರೇ ಕೆಲಸ ತಿಳಿಯುತ್ತದೆ, ಕಂಪೈಲ್ ಬೇಗ ಆಗುತ್ತದೆ.

ಹಂತ 1: ಸ್ಥಾಪನೆ

ರಸ್ಟ್‌ನ ಅಧಿಕೃತ ತಾಣದಿಂದ ರಸ್ಟ್‌ಅಪ್ ಇಳಿಸಿಕೊಂಡು ಹಾಕಿ. ಇದು ಕಂಪೈಲರನ್ನೂ ಕಾರ್ಗೋವನ್ನೂ ತರುತ್ತದೆ. ಕಂಪೈಲರ್ ನಿಮ್ಮ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುತ್ತದೆ. ಕಾರ್ಗೋ ಕ್ರೇಟುಗಳನ್ನು ತರಿಸಿ, ಜೋಡಿಸಿ, ಕಂಪೈಲರಿಗೆ ಕೊಡುವ ಮೇಸ್ತ್ರಿ.

ನಂತರ ಟರ್ಮಿನಲ್ಲಿನಲ್ಲಿ: ರಸ್ಟ್‌ಅಪ್, ಟಾರ್ಗೆಟ್, ಆ್ಯಡ್, ಆಮೇಲೆ ಒಂದೇ ಪದವಾಗಿ ವಾಸಂ32-ಅನ್‌ನೋನ್-ಅನ್‌ನೋನ್. ಎರಡು ಸಲ ‘ಅನ್‌ನೋನ್’ ಬಂದದ್ದು ನನ್ನ ಕೈತಪ್ಪಲ್ಲ. ಯಂತ್ರ ತಯಾರಿಸಿದವರು ಯಾರು, ಅದರ ಆಪರೇಟಿಂಗ್ ಸಿಸ್ಟಂ ಯಾವುದು ಎಂಬ ಎರಡು ಪ್ರಶ್ನೆಗೂ ಇಲ್ಲಿ ಉತ್ತರ ‘ಗೊತ್ತಿಲ್ಲ’ ಎಂದೇ. ವಾಸಂ ಎಂದರೆ ವೆಬ್‌ಅಸೆಂಬ್ಲಿ, ಬ್ರೌಸರಿನೊಳಗೆ ಓಡುವ ಒಂದು ಬೈನರಿ ರೂಪ. 2017ರಿಂದ ಮುಖ್ಯ ಬ್ರೌಸರುಗಳೆಲ್ಲ ಇದನ್ನು ಓದುತ್ತವೆ. ನಿಮ್ಮ ಆಟ ಕ್ರೋಮಿನಲ್ಲಿ ಓಡುತ್ತಿದೆಯೋ ಫೈರ್‌ಫಾಕ್ಸಿನಲ್ಲಿ ಓಡುತ್ತಿದೆಯೋ ಎಂದು ಅದಕ್ಕೆ ತಿಳಿಯಬೇಕಾಗಿಯೂ ಇಲ್ಲ.

ಹಂತ 2: ಖಾಲಿ ಪರದೆ

ಕಾರ್ಗೋ ನ್ಯೂ ಎಂದು ಬರೆದು ಪ್ರಾಜೆಕ್ಟಿಗೆ ‘ಲೋಕಲ್’ ಎಂದು ಇಂಗ್ಲಿಷಿನಲ್ಲಿ ಹೆಸರಿಡಿ. ಒಳಗಿನ ಹೆಸರುಗಳನ್ನು ಕನ್ನಡದಲ್ಲಿ ಇಡಬಹುದು, ಆದರೆ ಕ್ರೇಟಿನ ಹೆಸರಿಗೆ ಇಂಗ್ಲಿಷ್ ಅಕ್ಷರವೇ ಬೇಕು. ಆ ಫೋಲ್ಡರಿನ ಒಳಗೆ ಹೋಗಿ ಕಾರ್ಗೋ ಆ್ಯಡ್ ಮ್ಯಾಕ್ರೋಕ್ವಾಡ್.

ಮುಖ್ಯ ಫೈಲಿನಲ್ಲಿ ಮೊದಲು ಮ್ಯಾಕ್ರೋಕ್ವಾಡಿನ ಪ್ರಿಲ್ಯೂಡ್, ಅಂದರೆ ಪದೇ ಪದೇ ಬೇಕಾಗುವ ಹೆಸರುಗಳ ಕಟ್ಟು, ಸೇರಿಸಿ. ಮೇನ್ ಫಂಕ್ಷನ್ನಿನ ತಲೆಯ ಮೇಲೆ ಮ್ಯಾಕ್ರೋಕ್ವಾಡ್ ಮೇನ್ ಎಂಬ ಗುರುತು ಹಾಕಿ, ಫಂಕ್ಷನ್ನಿಗೆ ಅಸಿಂಕ್ (ನಡುವೆ ನಿಂತು ಕಾಯಬಲ್ಲದ್ದು) ಎಂದು ಸೇರಿಸಿ. ಒಳಗೆ ಕೊನೆಯಿಲ್ಲದ ಒಂದು ಲೂಪು: ಪರದೆಯನ್ನು ಕಪ್ಪಾಗಿ ಒರೆಸುವುದು, ನಂತರ ನೆಕ್ಸ್ಟ್ ಫ್ರೇಮ್ ಎಂದು ಕರೆದು ಅವೇಟ್ ಮಾಡುವುದು. ಈ ಅವೇಟ್ ಮರೆತರೆ ಬ್ರೌಸರಿನ ಕೈಗೆ ಉಸಿರಾಡುವ ಬಿಡುವೇ ಸಿಗದೆ ಟ್ಯಾಬ್ ಹೆಪ್ಪುಗಟ್ಟುತ್ತದೆ. ಸೆಕೆಂಡಿಗೆ ಸುಮಾರು 60 ಸಲ ಈ ಲೂಪು ಸುತ್ತುತ್ತದೆ, ಪ್ರತಿ ಸುತ್ತಿಗೆ ಒಂದು ಫ್ರೇಮ್.

ಹಂತ 3: ಈಗಲೇ ಬ್ರೌಸರಿಗೆ

ಹೆಚ್ಚಿನವರು ಆಟವನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಬರೆದು ಮುಗಿಸಿ ಕೊನೆಗೆ ಬ್ರೌಸರಿಗೆ ತರಲು ನೋಡುತ್ತಾರೆ. ಆಗ ಕಪ್ಪು ಪರದೆ ಬಂದರೆ ತಪ್ಪು ಎಲ್ಲಿದೆ ಎಂದು ಹುಡುಕುವುದು ದಾದರಿನ ಸಂಜೆಯ ಜನಜಂಗುಳಿಯಲ್ಲಿ ಬಿದ್ದ ಚಪ್ಪಲಿ ಹುಡುಕಿದಂತೆ. ಖಾಲಿ ಪರದೆ ಬ್ರೌಸರಿನಲ್ಲಿ ಕಾಣುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ಕಾರ್ಗೋ ಬಿಲ್ಡ್, ಎರಡು ಅಡ್ಡಗೀಟು ರಿಲೀಸ್, ಎರಡು ಅಡ್ಡಗೀಟು ಟಾರ್ಗೆಟ್, ನಂತರ ಹಂತ 1ರ ಆ ಉದ್ದದ ಹೆಸರು. ಟಾರ್ಗೆಟ್ ಫೋಲ್ಡರಿನೊಳಗೆ ಅದೇ ಹೆಸರಿನ ಫೋಲ್ಡರ್, ಅದರೊಳಗೆ ರಿಲೀಸ್, ಅದರೊಳಗೆ ವಾಸಂ ಎಂದು ಕೊನೆಯಾಗುವ ಫೈಲ್ ಹುಟ್ಟುತ್ತದೆ. ಬೇರೆ ಒಂದು ಫೋಲ್ಡರ್ ಮಾಡಿ ಮೂರು ಫೈಲುಗಳನ್ನು ಅಕ್ಕಪಕ್ಕ ಇಡಿ: ಈ ವಾಸಂ, ಮ್ಯಾಕ್ರೋಕ್ವಾಡಿನ ಮೂಲ ಕೋಡ್ ಇಟ್ಟಿರುವ ಭಂಡಾರದ ಜೆಎಸ್ ಫೋಲ್ಡರಿನಲ್ಲಿ ಸಿಗುವ ಎಂಕ್ಯು ಜೆಎಸ್ ಬಂಡಲ್ ಎಂಬ ಜಾವಾಸ್ಕ್ರಿಪ್ಟ್ ಫೈಲ್, ಮತ್ತು ನೀವೇ ಬರೆಯುವ ಇಂಡೆಕ್ಸ್ ಪುಟ. ಪುಟದಲ್ಲಿ ಒಂದು ಕ್ಯಾನ್ವಾಸ್ (ಆಟದ ಚಿತ್ರ ಮೂಡುವ ಜಾಗ) ಇರಲಿ, ಅದರ ಐಡಿ ‘ಜಿಎಲ್‌ಕ್ಯಾನ್ವಾಸ್’ ಎಂದೇ ಇರಬೇಕು. ಟ್ಯಾಬ್‌ಇಂಡೆಕ್ಸ್ 1 ಕೊಡಿ, ಇಲ್ಲದಿದ್ದರೆ ಕೀಲಿಗಳು ಕೇಳಿಸುವುದಿಲ್ಲ. ಕೊನೆಯಲ್ಲಿ ಬಂಡಲ್ ಸೇರಿಸಿ, ಲೋಡ್ ಎಂಬ ಫಂಕ್ಷನ್ನಿಗೆ ವಾಸಂ ಫೈಲಿನ ಹೆಸರು ಕೊಟ್ಟು ಕರೆಯಿರಿ.

ಇಲ್ಲಿ ಎಡವುವ ಜಾಗಗಳು ಮೂರು.

ಇಂಡೆಕ್ಸ್ ಪುಟದ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದರೆ ಆಟ ಬರುವುದಿಲ್ಲ. ಡಿಸ್ಕಿನಿಂದ ನೇರವಾಗಿ ತೆರೆದ ಪುಟಕ್ಕೆ ಪಕ್ಕದ ವಾಸಂ ಫೈಲನ್ನು ಎಳೆದುಕೊಳ್ಳಲು ಬ್ರೌಸರ್ ಬಿಡುವುದಿಲ್ಲ. ಸಣ್ಣ ಸರ್ವರ್ ಬೇಕು. ಪೈಥಾನ್ ಇದ್ದರೆ ಅದರ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲ್ ಸಾಕು, 8000 ಎಂಬ ಪೋರ್ಟಿನಲ್ಲಿ ತೆರೆಯುತ್ತದೆ.

ಎರಡನೆಯದು ಬಂಡಲಿನ ಆವೃತ್ತಿ. ಅದು ನಿಮ್ಮ ಮ್ಯಾಕ್ರೋಕ್ವಾಡಿಗೆ ಹೊಂದಬೇಕು. ಎರಡು ವರ್ಷ ಹಿಂದೆ ಯಾರೋ ಕೊಟ್ಟ ಫೈಲನ್ನು ಹೊಸ ಕ್ರೇಟಿಗೆ ಜೋಡಿಸಿದರೆ ಬ್ರೌಸರಿನ ಕನ್ಸೋಲ್ ಆವೃತ್ತಿ ಹೊಂದಿಲ್ಲ ಎಂದು ಗೊಣಗುತ್ತದೆ. ಕನ್ಸೋಲ್ ಎಂದರೆ ಎಫ್12 ಒತ್ತಿದಾಗ ತೆರೆಯುವ ದೋಷಪಟ್ಟಿ. ಪರದೆ ಕಪ್ಪಾದರೆ ಮೊದಲು ನೋಡಬೇಕಾದದ್ದು ಅದನ್ನೇ.

ಮೂರನೆಯದು ವಾಸಂ-ಪ್ಯಾಕ್. ರಸ್ಟ್ ಮತ್ತು ವೆಬ್ ಎಂದು ಹುಡುಕಿದರೆ ಸಿಗುವ ಪಾಠಗಳಲ್ಲಿ ಬಹುಪಾಲು ವಾಸಂ-ಪ್ಯಾಕ್, ವಾಸಂ-ಬೈಂಡ್‌ಜೆನ್ ಬಗ್ಗೆ ಇವೆ. ಒಳ್ಳೆಯ ಸಾಧನಗಳೇ, ಆದರೆ ಅದು ಬೇರೆ ಮಾರ್ಗ. ಮ್ಯಾಕ್ರೋಕ್ವಾಡಿಗೆ ಅವು ಬೇಡ. ಎರಡನ್ನೂ ಕಲಸಿದರೆ ಕಪ್ಪು ಪರದೆ ಖಂಡಿತ.

ಹಂತ 4: ಆಟದ ನೆನಪು, ಕನ್ನಡದ ಹೆಸರುಗಳು

2021ರ ಜೂನ್‌ನಲ್ಲಿ ಬಂದ ರಸ್ಟ್ 1.53ರಿಂದ ವೇರಿಯಬಲ್, ಫಂಕ್ಷನ್, ಸ್ಟ್ರಕ್ಟುಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಕಂಪನಿಯ ಕೋಡಿನಲ್ಲಿ ಹೀಗೆ ಮಾಡಿ ಎಂದು ಹೇಳುವುದಿಲ್ಲ. ಮನೆಯಲ್ಲಿ ಮಕ್ಕಳೊಂದಿಗೆ ಕುಳಿತು ಬರೆಯುವಾಗ ಮಾತ್ರ ಇದರ ರುಚಿಯೇ ಬೇರೆ. ಲೆಟ್, ಎಫ್‌ಎನ್, ಮ್ಯಾಚ್ ಮೊದಲಾದ ಕೀಲಿಪದಗಳು ಇಂಗ್ಲಿಷಿನಲ್ಲೇ ಇರುತ್ತವೆ.

ಎಚ್ಚರ: ಹೆಸರಿನಲ್ಲಿ ಕಾಣದ ಜೋಡಣೆ ತಡೆ ಇರಬಾರದು. ‘ಮೋಟರ್‌ಮನ್’ ಎಂದು ಬರೆಯುವಾಗ ರ್ ಮತ್ತು ಮ ಸೇರಿ ಅರ್ಕಾವೊತ್ತು ಆಗದಿರಲು ನಡುವೆ ಒಂದು ಅದೃಶ್ಯ ಅಕ್ಷರ ಹಾಕುತ್ತೇವಲ್ಲ, ಅದನ್ನು ರಸ್ಟ್ ಹೆಸರುಗಳಲ್ಲಿ ಒಪ್ಪುವುದಿಲ್ಲ. ಕಣ್ಣಿಗೆ ಎಲ್ಲ ಸರಿಯಾಗಿ ಕಾಣುತ್ತದೆ, ಕಂಪೈಲರ್ ಮಾತ್ರ ಅದೇ ಸಾಲಿಗೆ ಬೆರಳಿಡುತ್ತದೆ. ಮೋಟರ್‌ಮನ್ನನ್ನು ‘ಚಾಲಕ’ ಮಾಡಿ, ತೊಂದರೆ ತೀರಿತು. ಯುನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ಫಾಂಟ್ ಆಧಾರಿತ ಟೈಪಿಂಗ್ ಇಲ್ಲಿ ನಡೆಯದು.

ನೆನಪಿಡಬೇಕಾದದ್ದು ಕಡಿಮೆ. ‘ಲೋಕಲ್’ ಎಂಬ ಒಂದು ಸ್ಟ್ರಕ್ಟ್ ಮಾಡಿ. ಸ್ಟ್ರಕ್ಟ್ ಎಂದರೆ ಹಲವು ಮಾಹಿತಿಗಳನ್ನು ಒಟ್ಟಿಗೆ ಇಡುವ ಡಬ್ಬಿ. ಅದರಲ್ಲಿ ‘ಬೋಗಿಗಳು’, ‘ದಿಕ್ಕು’, ‘ನಿಲ್ದಾಣ’, ‘ತಲುಪಿದ್ದು’ ಎಂಬ ನಾಲ್ಕು ಅಂಶಗಳು.

ಅಂಗಳವನ್ನು 20 ಅಡ್ಡ, 15 ಉದ್ದದ ಚೌಕಗಳಾಗಿ ಭಾಗಿಸಿ, ಒಟ್ಟು 300 ಚೌಕ. ಪ್ರತಿ ಬೋಗಿ ಎಂದರೆ ಎರಡು ಸಂಖ್ಯೆಗಳ ಜೋಡಿ, ಎಷ್ಟನೆಯ ಕಂಬಸಾಲು, ಎಷ್ಟನೆಯ ಅಡ್ಡಸಾಲು. ‘ಬೋಗಿಗಳು’ ಇಂಥ ಜೋಡಿಗಳ ವೆಕ್‌ಡೆಕ್. ಎರಡೂ ತುದಿಯಿಂದ ಸೇರಿಸಬಹುದಾದ, ತೆಗೆಯಬಹುದಾದ ಸಾಲು ಅದು. ಗಾಡಿಗೆ ಬೇಕಾದದ್ದೂ ಅದೇ: ಮುಂದೆ ಒಂದು ಸೇರಿಸು, ಹಿಂದೆ ಒಂದು ಕಳಚು.

ಈ ಸಂಖ್ಯೆಗಳು ಐ32 ಆಗಿರಲಿ, ಯು32 ಬೇಡ. ಎರಡೂ ಪೂರ್ಣಾಂಕಗಳೇ, ಆದರೆ ಯು ಎಂದರೆ ಋಣಸಂಖ್ಯೆ ಇಲ್ಲದ ಜಾತಿ. ಎಡತುದಿಯ 0ನೇ ಸಾಲಿನಿಂದ ಇನ್ನೂ ಎಡಕ್ಕೆ ಹೋದರೆ ಮೈನಸ್ 1 ಬರಬೇಕು. ಯು32ರಲ್ಲಿ ಡಿಬಗ್ ಬಿಲ್ಡ್ (ರಿಲೀಸ್ ಎಂದು ಹೇಳದೆ ಮಾಡಿದ್ದು) ಆದರೆ ಅಲ್ಲೇ ಕೂಗಿ ನಿಲ್ಲುತ್ತದೆ. ರಿಲೀಸ್ ಬಿಲ್ಡ್ ಸದ್ದಿಲ್ಲದೆ 4294967295 ಎಂಬ ಸಂಖ್ಯೆಗೆ ಸುತ್ತಿಕೊಳ್ಳುತ್ತದೆ. ಗಾಡಿ ಪರದೆಯಿಂದ ಮಾಯವಾಯಿತು ಎಂದು ಬರೆದು ಕೇಳಿದವರಿಗೆಲ್ಲ ಮೊದಲು ನೋಡಲು ಹೇಳುವುದು ಇದನ್ನೇ.

ಹಂತ 5: ಗಡಿಯಾರ

ಫ್ರೇಮಿಗೊಂದು ಚೌಕದಂತೆ ಗಾಡಿ ಓಡಿದರೆ ಸೆಕೆಂಡಿಗೆ 60 ಚೌಕ ಆಗುತ್ತದೆ, ಯಾರೂ ಆಡಲಾರರು. ಹಾಗಾಗಿ ಚಿತ್ರ ಬಿಡಿಸುವ ವೇಗ ಬೇರೆ, ಗಾಡಿ ಹೆಜ್ಜೆ ಇಡುವ ವೇಗ ಬೇರೆ. ‘ಕಳೆದ_ಹೊತ್ತು’ ಎಂಬ ಎಫ್32 (ದಶಮಾಂಶ ಸಂಖ್ಯೆ) ಇಟ್ಟುಕೊಂಡು, ಪ್ರತಿ ಫ್ರೇಮಿನಲ್ಲಿ ಗೆಟ್ ಫ್ರೇಮ್ ಟೈಮ್ ಕೊಡುವ ಸೆಕೆಂಡುಗಳನ್ನು ಅದಕ್ಕೆ ಕೂಡಿಸುತ್ತ ಹೋಗಿ. 0.2 ದಾಟಿದಾಗ ಒಂದು ಹೆಜ್ಜೆ ಇಟ್ಟು, 0.2 ಕಳೆಯಿರಿ. ಸ್ಲೋ ಲೋಕಲ್ ಸಿದ್ಧ. ದಾದರ್ ತಲುಪಿದ ಮೇಲೆ ಈ 0.2ನ್ನು 0.14 ಮಾಡಿದರೆ ಫಾಸ್ಟ್. (ಫಾಸ್ಟ್ ಗಾಡಿ ಆಮೇಲೆ ಮಾಟುಂಗಾ, ಸಾಯನ್‌ನಲ್ಲೂ ನಿಲ್ಲುತ್ತದೆಯೇ ಎಂದು ಕೇಳಬೇಡಿ. ನನ್ನ ಮನೆಯಲ್ಲಿ ಆಗಲೇ ಕೇಳಿಯಾಗಿದೆ.)

ರಸ್ಟ್‌ನ ಸ್ವಂತ ಗಡಿಯಾರವಾದ ಇನ್‌ಸ್ಟಂಟ್ ಬಳಸಬೇಡಿ. ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ನಡೆಯುವ ಅದು ಈ ವಾಸಂ ಟಾರ್ಗೆಟ್ಟಿನಲ್ಲಿ ಕರೆದ ಕೂಡಲೇ ಕುಸಿಯುತ್ತದೆ. ‘ಅನ್‌ನೋನ್’ ಎಂದರೆ ಇದೇ: ಕೇಳಿ ತಿಳಿಯಲು ಅಲ್ಲಿ ಆಪರೇಟಿಂಗ್ ಸಿಸ್ಟಂ ಇಲ್ಲ. ಫೈಲ್ ತೆರೆಯುವುದು, ಥ್ರೆಡ್ (ಜೊತೆಜೊತೆಗೆ ಓಡುವ ಇನ್ನೊಂದು ಕೆಲಸ) ಹುಟ್ಟಿಸುವುದು ಕೂಡ ಅಲ್ಲಿ ನಡೆಯದು.

ಇನ್ನೊಂದು ಸೂಕ್ಷ್ಮ. ಆಟಗಾರ ಬೇರೆ ಟ್ಯಾಬಿಗೆ ಹೋದರೆ ಬ್ರೌಸರ್ ಫ್ರೇಮುಗಳನ್ನು ನಿಲ್ಲಿಸುತ್ತದೆ. ಒಂದು ನಿಮಿಷದ ನಂತರ ಮರಳಿದರೆ ಮೊದಲ ಫ್ರೇಮಿನ ಹೊತ್ತು 60 ಸೆಕೆಂಡು ಎಂದು ಬರುತ್ತದೆ, ಗಾಡಿ ಒಮ್ಮೆಗೇ 300 ಹೆಜ್ಜೆ ಓಡಿ ಸತ್ತಿರುತ್ತದೆ. ಕೂಡಿಸುವ ಮೊದಲು ಆ ಹೊತ್ತನ್ನು 0.1ಕ್ಕೆ ಮಿತಿಗೊಳಿಸಿ. ಮಿನ್ ಎಂಬ ಒಂದು ಪದದ ಕೆಲಸ.

ಹಂತ 6: ಒಂದು ಹೆಜ್ಜೆ

ಇದು ಆಟದ ಹೃದಯ, ಮತ್ತು ಇದರಲ್ಲಿ ಕ್ರಮವೇ ಎಲ್ಲ.

ಮೊದಲು, ಚಾಲಕನ ಬೋಗಿಯ ಜಾಗಕ್ಕೆ ದಿಕ್ಕನ್ನು ಕೂಡಿಸಿ ಹೊಸ ಜಾಗ ಲೆಕ್ಕ ಹಾಕಿ. ಪರದೆಯಲ್ಲಿ ಕೆಳಗೆ ಹೋದಂತೆ ಅಡ್ಡಸಾಲಿನ ಸಂಖ್ಯೆ ಹೆಚ್ಚುತ್ತದೆ, ಶಾಲೆಯ ಗ್ರಾಫಿನ ತಲೆಕೆಳಗು. ಮೇಲೆ ಹೋಗಲು 1 ಕಳೆಯಬೇಕು.

ಅಂಚು ದಾಟಿದರೆ ಇನ್ನೊಂದು ಬದಿಯಿಂದ ಬರುವಂತೆ ಮಾಡುವುದು ನನಗೆ ಇಷ್ಟ, ಸಣ್ಣ ಮಕ್ಕಳು ಹೆಚ್ಚು ಹೊತ್ತು ಆಡುತ್ತಾರೆ. ಅದಕ್ಕೆ ಶೇಷ ತೆಗೆಯುವ ಚಿಹ್ನೆ ಬಳಸಿದರೆ ಮೈನಸ್ 1ಕ್ಕೆ ಶೇಷವೂ ಮೈನಸ್ 1 ಎಂದೇ ಬರುತ್ತದೆ. ಅದರ ಬದಲು ರೆಮ್ ಯೂಕ್ಲಿಡ್ ಎಂಬ ಫಂಕ್ಷನ್ ಬಳಸಿ. ಅದು 19 ಕೊಡುತ್ತದೆ, ನಮಗೆ ಬೇಕಾದದ್ದು ಅದು.

ಆಮೇಲೆ, ಹೊಸ ಜಾಗದಲ್ಲಿ ನಿಲ್ದಾಣ ಇದೆಯೇ ನೋಡಿ. ಇಲ್ಲದಿದ್ದರೆ ಪಾಪ್ ಬ್ಯಾಕ್ ಮಾಡಿ ಕೊನೆಯ ಬೋಗಿ ಕಳಚಿ. ಇದ್ದರೆ ಕಳಚಬೇಡಿ, ಗಾಡಿ ತಾನಾಗಿ ಬೆಳೆಯುತ್ತದೆ. ಇದಾದ ಮೇಲಷ್ಟೇ ಡಿಕ್ಕಿ ನೋಡಬೇಕು: ಹೊಸ ಜಾಗ ಉಳಿದ ಬೋಗಿಗಳಲ್ಲಿ ಇದೆಯೇ ಎಂದು ಕಂಟೇನ್ಸ್ ಕೇಳಿ. ಕಳಚುವ ಮೊದಲೇ ಕೇಳಿದರೆ, ಖಾಲಿಯಾಗಲಿರುವ ಬಾಲದ ಚೌಕಕ್ಕೆ ಕಾಲಿಟ್ಟರೂ ಡಿಕ್ಕಿ ಎಂದಾಗುತ್ತದೆ. ಆಟಗಾರನಿಗೆ ಅದು ಅನ್ಯಾಯ ಎನಿಸುತ್ತದೆ, ಆದರೆ ಏನು ತಪ್ಪಿತು ಎಂದು ಹೇಳಲು ಬರುವುದಿಲ್ಲ. ಡಿಕ್ಕಿ ಇಲ್ಲದಿದ್ದರೆ ಪುಶ್ ಫ್ರಂಟ್ ಮಾಡಿ ಹೊಸ ಜಾಗವನ್ನು ಮುಂದೆ ಸೇರಿಸಿ.

ರಸ್ಟ್ ಹೊಸಬರು ಬಾರೋ ಚೆಕರ್ ಜೊತೆ ಮೊದಲು ಜಗಳ ಆಡುವುದು ಇಲ್ಲೇ. ಒಂದು ಮಾಹಿತಿಯನ್ನು ಒಬ್ಬರು ಓದುತ್ತಿರುವಾಗ ಇನ್ನೊಬ್ಬರು ತಿದ್ದಬಾರದು ಎಂದು ಕಾವಲು ಕಾಯುವ ಕಂಪೈಲರಿನ ಭಾಗ ಅದು. ಬೋಗಿಗಳ ಮೇಲೆ ಫಾರ್ ಲೂಪು ಸುತ್ತುತ್ತಲೇ ಅದೇ ಸಾಲಿಗೆ ಬೋಗಿ ಸೇರಿಸಲು ಹೋದರೆ ತಡೆಯುತ್ತದೆ. ನಮ್ಮ ಊರಿನ ಟಿಸಿ ಗಾಡಿ ಇಳಿದ ಮೇಲೆ ಸೇತುವೆಯ ಬುಡದಲ್ಲಿ ಹಿಡಿಯುತ್ತಾನೆ. ಇದು ಹತ್ತುವ ಮೊದಲೇ ಹಿಡಿಯುತ್ತದೆ. ಸಂಖ್ಯೆಗಳ ಜೋಡಿ ತಾನಾಗಿ ನಕಲಾಗುವ ಜಾತಿಯದಾದ್ದರಿಂದ, ಹೊಸ ಜಾಗವನ್ನು ಮೊದಲೇ ಬೇರೆ ವೇರಿಯಬಲ್ಲಿನಲ್ಲಿ ಇಟ್ಟುಕೊಂಡು ಮೇಲಿನ ಕ್ರಮದಲ್ಲಿ ಬರೆದರೆ ಜಗಳವೇ ಬರುವುದಿಲ್ಲ. ಸಿಟ್ಟಿನಿಂದ ಎಲ್ಲ ಕಡೆ ಕ್ಲೋನ್ ತುರುಕಬೇಡಿ.

ಹಂತ 7: ಕೀಲಿಗಳು

ಈಸ್ ಕೀ ಪ್ರೆಸ್ಡ್ ಎಂದು ನಾಲ್ಕು ಬಾಣಗಳನ್ನು ಪ್ರತಿ ಫ್ರೇಮಿನಲ್ಲಿ ಕೇಳಿ. ನೇರ ಹಿಮ್ಮುಖ ತಿರುವನ್ನು ಬಿಡಬಾರದು ಎಂದು ಎಲ್ಲರೂ ಬರೆಯುತ್ತಾರೆ. ಬಲಕ್ಕೆ ಹೋಗುವಾಗ ಎಡ ಒತ್ತಿದರೆ ಲೆಕ್ಕಕ್ಕಿಲ್ಲ. ಆದರೂ ಗಾಡಿ ತನ್ನನ್ನೇ ಕಚ್ಚಿ ಸಾಯುತ್ತದೆ. ಹೇಗೆ? ಬಲಕ್ಕೆ ಹೋಗುತ್ತಿದ್ದೀರಿ. ಒಂದೇ ಹೆಜ್ಜೆಯ 0.2 ಸೆಕೆಂಡಿನೊಳಗೆ ಮೇಲೆ, ಕೂಡಲೇ ಎಡ ಒತ್ತಿದಿರಿ. ಮೇಲೆ ಒತ್ತಿದಾಗ ದಿಕ್ಕು ‘ಮೇಲೆ’ ಆಯಿತು, ಎಡ ಅದಕ್ಕೆ ವಿರುದ್ಧವಲ್ಲ, ಒಪ್ಪಿಗೆಯಾಯಿತು. ಗಾಡಿ ಮಾತ್ರ ಇನ್ನೂ ಕದಲಿಲ್ಲ. ಮುಂದಿನ ಹೆಜ್ಜೆ ಸೀದಾ ಹಿಂದಿನ ಬೋಗಿಗೆ.

ಪರಿಹಾರ: ಒತ್ತಿದ ಕೀಲಿಗಳನ್ನು ಒಂದು ಪುಟ್ಟ ಸರತಿಯಲ್ಲಿ ನಿಲ್ಲಿಸಿ, ಎರಡಕ್ಕಿಂತ ಹೆಚ್ಚು ಬೇಡ. ಪ್ರತಿ ಹೆಜ್ಜೆಗೆ ಮುಂದಿನದೊಂದನ್ನು ತೆಗೆದು, ಗಾಡಿ ನಿಜವಾಗಿ ಕೊನೆಯ ಸಲ ಸರಿದ ದಿಕ್ಕಿನೊಂದಿಗೆ ಹೋಲಿಸಿ. ಕೈ ಚುರುಕಾದವರಿಗೆ ಆಟ ತಮ್ಮ ಮಾತು ಕೇಳುತ್ತಿದೆ ಎನಿಸುವುದು ಇದರಿಂದಲೇ.

ಹಂತ 8: ನಿಲ್ದಾಣ ಇಡುವುದು

ಮ್ಯಾಕ್ರೋಕ್ವಾಡಿನ ಸ್ವಂತ ರ‍್ಯಾಂಡಮ್ ಇದೆ, ಜೆನ್ ರೇಂಜ್ ಕರೆದು 0ರಿಂದ 20, 0ರಿಂದ 15 ಕೇಳಿ. ಬಂದ ಚೌಕದಲ್ಲಿ ಬೋಗಿ ಇದ್ದರೆ ಮತ್ತೊಮ್ಮೆ ಕೇಳಿ. 300ರಲ್ಲಿ ಹೆಚ್ಚೆಂದರೆ 15 ತುಂಬಿರುವುದರಿಂದ ಹೆಚ್ಚು ಸುತ್ತಬೇಕಾಗುವುದಿಲ್ಲ.

ಪ್ರತಿ ಸಲ ಆಟ ತೆರೆದಾಗಲೂ ನಿಲ್ದಾಣಗಳು ಅದೇ ಕ್ರಮದಲ್ಲಿ, ಅದೇ ಜಾಗದಲ್ಲಿ ಬರುತ್ತಿವೆಯೇ? ಬೀಜಸಂಖ್ಯೆ, ಅಂದರೆ ರ‍್ಯಾಂಡಮ್ ಲೆಕ್ಕ ಶುರುವಾಗುವ ಸಂಖ್ಯೆ, ಕೊಟ್ಟಿಲ್ಲ ಎಂದರ್ಥ. ಆರಂಭದಲ್ಲಿ ಒಮ್ಮೆ ಎಸ್‌ರ‍್ಯಾಂಡ್ ಕರೆದು ಮ್ಯಾಕ್ರೋಕ್ವಾಡಿನ ಅಡಿಪಾಯವಾದ ಮಿನಿಕ್ವಾಡ್ ಎಂಬ ಕ್ರೇಟಿನ ಡೇಟ್ ನೌ ಕೊಡುವ ಸಂಖ್ಯೆಯನ್ನು ಕೊಡಿ. ರ‍್ಯಾಂಡ್ ಎಂಬ ಜನಪ್ರಿಯ ಕ್ರೇಟನ್ನು ತರಬೇಡಿ. ವಾಸಂನಲ್ಲಿ ಅದಕ್ಕೆ ಬೇರೆ ಸಿದ್ಧತೆಗಳು ಬೇಕು, ಸುಮ್ಮನೆ ತಲೆನೋವು.

ಹಂತ 9: ಬಿಡಿಸುವುದು

ಸ್ಕ್ರೀನ್ ವಿಡ್ತ್ ಅನ್ನು 20ರಿಂದ, ಸ್ಕ್ರೀನ್ ಹೈಟ್ ಅನ್ನು 15ರಿಂದ ಭಾಗಿಸಿ, ಚಿಕ್ಕದನ್ನು ಚೌಕದ ಅಳತೆ ಮಾಡಿ, ದಶಮಾಂಶ ಕಿತ್ತುಹಾಕಿ. ದಶಮಾಂಶ ಉಳಿದರೆ ಬೋಗಿಗಳ ನಡುವೆ ಕೂದಲೆಳೆಯ ಗೆರೆಗಳು ಮಿನುಗುತ್ತವೆ. ಪ್ರತಿ ಬೋಗಿಗೆ ಒಂದು ಡ್ರಾ ರೆಕ್ಟ್ಯಾಂಗಲ್, ಚೌಕಕ್ಕಿಂತ 2 ಪಿಕ್ಸೆಲ್ ಚಿಕ್ಕದು. ಚಾಲಕನ ಬೋಗಿಗೆ ಹಳದಿ, ಉಳಿದವಕ್ಕೆ ನೇರಳೆ. ಹಳೆಯ ಕಾಲದ ಸೊಗಸು ಬೇಕಾದರೆ ನಾಲ್ಕಕ್ಕಿಂತ ಹೆಚ್ಚು ಬಣ್ಣ ಮುಟ್ಟಬೇಡಿ.

‘ಆರಂಭ’, ‘ಓಟ’, ‘ಸೋಲು’, ‘ಗೆಲುವು’ ಎಂಬ ನಾಲ್ಕು ಸ್ಥಿತಿಗಳಿಗೆ ಒಂದು ಇನಮ್ ಮಾಡಿ ಮ್ಯಾಚ್‌ನಲ್ಲಿ ಬಿಡಿಸಿ. ಇನಮ್ ಎಂದರೆ ಇವುಗಳಲ್ಲಿ ಯಾವುದಾದರೂ ಒಂದು ಮಾತ್ರ ಎಂದು ಹೇಳುವ ಜಾತಿ. ಒಂದು ಸ್ಥಿತಿಯನ್ನು ಬರೆಯಲು ಮರೆತರೆ ಕಂಪೈಲರೇ ನೆನಪಿಸುತ್ತದೆ.

ಹಂತ 10: ಕನ್ನಡ ಅಕ್ಷರ

ಡ್ರಾ ಟೆಕ್ಸ್ಟ್‌ಗೆ ‘ಕುರ್ಲಾ’ ಎಂದು ಕೊಟ್ಟು ನೋಡಿ. ಮೂಲ ಫಾಂಟಿನಲ್ಲಿ ಕನ್ನಡವೇ ಇಲ್ಲ, ಏನೂ ಸರಿಯಾಗಿ ಬರುವುದಿಲ್ಲ. ನೋಟೋ ಸ್ಯಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ತುಂಬಿಸಿ ಮತ್ತೆ ನೋಡಿ. ಈಗ ಅಕ್ಷರ ಬರುತ್ತದೆ, ಕುರ್ಲಾ ಬರುವುದಿಲ್ಲ.

ಕಾರಣ ಇದು. ಯುನಿಕೋಡಿನಲ್ಲಿ ‘ಕುರ್ಲಾ’ ಆರು ಸಂಕೇತಗಳ ಸಾಲು: ಕ, ಉಕಾರದ ಚಿಹ್ನೆ, ರ, ಹಲಂತ, ಲ, ಆಕಾರದ ಚಿಹ್ನೆ. ರಕಾರವನ್ನು ಅರ್ಕಾವೊತ್ತು ಮಾಡಿ ಲಾ ಆದ ಮೇಲೆ ಕೂರಿಸಬೇಕು ಎಂಬ ನಿಯಮ ಫಾಂಟಿನೊಳಗೆ ಬರೆದಿರುತ್ತದೆ. ಅದನ್ನು ಓದಿ ಪಾಲಿಸುವ ಕೆಲಸಕ್ಕೆ ಶೇಪಿಂಗ್ ಎಂದು ಹೆಸರು. ಬ್ರೌಸರಿಗೆ ಅದು ಗೊತ್ತು, ನಿಮ್ಮ ಮೊಬೈಲಿಗೆ ಗೊತ್ತು, ಮ್ಯಾಕ್ರೋಕ್ವಾಡಿಗೆ ಗೊತ್ತಿಲ್ಲ. ಅದು ಪ್ರತಿ ಸಂಕೇತಕ್ಕೂ ಒಂದೊಂದು ಚಿತ್ರ ತೆಗೆದು ಅಕ್ಕಪಕ್ಕ ಇಡುತ್ತದೆ, ಇಂಗ್ಲಿಷಿಗೆ ಅಷ್ಟು ಸಾಕು. ಫಾಂಟ್ ಬದಲಿಸಿ ಬದಲಿಸಿ ಒಂದು ಭಾನುವಾರ ಕಳೆದವರಲ್ಲಿ ನಾನೂ ಒಬ್ಬ. ತಪ್ಪು ಫಾಂಟಿನದಲ್ಲ.

ಹಾಗಾದರೆ ಬಲ್ಲವರ ಕೈಗೆ ಕೊಡೋಣ. ಕ್ಯಾನ್ವಾಸಿನ ಮೇಲ್ಗಡೆ ಪುಟದಲ್ಲೇ ಒಂದು ಪಟ್ಟಿ ಇಡಿ, ಪ್ಲ್ಯಾಟ್‌ಫಾರ್ಮಿನ ಇಂಡಿಕೇಟರಿನ ಹಾಗೆ. ಸಿಎಸ್‌ಎಂಟಿಯೂ ಸೇರಿ ಹದಿಮೂರು ನಿಲ್ದಾಣಗಳ ಕನ್ನಡ ಹೆಸರುಗಳು ಜಾವಾಸ್ಕ್ರಿಪ್ಟಿನಲ್ಲಿ ಇರಲಿ. ರಸ್ಟ್ ಕಳಿಸಬೇಕಾದದ್ದು ‘ಈಗ ಎಷ್ಟನೆಯದು’ ಎಂಬ ಒಂದು ಸಂಖ್ಯೆ ಮಾತ್ರ. ಪದಗಳನ್ನು ವಾಸಂ ಗಡಿ ದಾಟಿಸುವುದು ತೊಡಕಿನ ಕೆಲಸ, ಸಂಖ್ಯೆ ದಾಟಿಸುವುದು ನೀರು ಕುಡಿದಷ್ಟು ಸುಲಭ.

ರಸ್ಟ್ ಬದಿಯಲ್ಲಿ ಎಕ್ಸ್‌ಟರ್ನ್ ಸಿ ಎಂಬ ಕಟ್ಟಿನೊಳಗೆ ಒಂದು ಐ32 ತೆಗೆದುಕೊಳ್ಳುವ ಫಂಕ್ಷನ್ನಿನ ಹೆಸರು ಘೋಷಿಸಿ. ಈ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು, ಹೊರಗಿನವರ ಜೊತೆ ಮಾತಾಡುವ ಕಟ್ಟಿನಲ್ಲಿ ಕನ್ನಡಕ್ಕೆ ರಸ್ಟ್ ಅನುಮತಿ ಕೊಡುವುದಿಲ್ಲ. ಪ್ರಾಜೆಕ್ಟ್ 2024ರ ಎಡಿಷನ್ನಿನದಾದರೆ ಎಕ್ಸ್‌ಟರ್ನ್ ಹಿಂದೆ ಅನ್‌ಸೇಫ್ ಕೂಡ ಸೇರಿಸಿ. ಈಗ ಕಾರ್ಗೋ ನ್ಯೂ ಕೊಡುವುದು ಅದನ್ನೇ, ಹಳೆಯ ಪಾಠಗಳಲ್ಲಿ ಈ ಪದ ಇರುವುದಿಲ್ಲ. ಘೋಷಣೆಯನ್ನೂ ಕರೆಯನ್ನೂ ವಾಸಂ32ಕ್ಕೆ ಮಾತ್ರ ಎಂದು ಸಿಎಫ್‌ಜಿ ಗುರುತಿನಿಂದ ಮಿತಿಗೊಳಿಸಿ, ಇಲ್ಲದಿದ್ದರೆ ಲ್ಯಾಪ್‌ಟಾಪಿನಲ್ಲಿ ಕಾರ್ಗೋ ರನ್ ಮಾಡಿದಾಗ ಆ ಫಂಕ್ಷನ್ ಎಲ್ಲಿಯೂ ಸಿಗದೆ ಬಿಲ್ಡ್ ನಿಲ್ಲುತ್ತದೆ.

ಪುಟದ ಬದಿಯಲ್ಲಿ ಮಿನಿಕ್ವಾಡ್ ಆ್ಯಡ್ ಪ್ಲಗಿನ್ ಎಂದು ಕರೆದು, ಅದರ ರಿಜಿಸ್ಟರ್ ಪ್ಲಗಿನ್ ಭಾಗದಲ್ಲಿ ಎನ್ವ್ ಎಂಬಲ್ಲಿ ಅದೇ ಹೆಸರಿನ ಫಂಕ್ಷನ್ ಕೂರಿಸಿ. ಬಂದ ಸಂಖ್ಯೆಗೆ ಹೊಂದುವ ಹೆಸರನ್ನು ಪಟ್ಟಿಯಲ್ಲಿ ಬರೆಯುವುದಷ್ಟೇ ಅದರ ಕೆಲಸ. ಬಂಡಲ್ ಸೇರಿಸಿದ ಮೇಲೆ, ಲೋಡ್ ಕರೆಯುವ ಮೊದಲು ಇದು ಬರಬೇಕು. ಕ್ರಮ ತಪ್ಪಿದರೆ ಆಟ ನಡೆಯುತ್ತದೆ, ಹೆಸರು ಮಾತ್ರ ಬದಲಾಗುವುದಿಲ್ಲ. ಮತ್ತು ನಿಲ್ದಾಣ ಬದಲಾದಾಗ ಒಮ್ಮೆ ಮಾತ್ರ ಕರೆಯಿರಿ, ಪ್ರತಿ ಫ್ರೇಮಿನಲ್ಲಿ ಬೇಡ. ಪುಟದ ತಲೆಯಲ್ಲಿ ಯುಟಿಎಫ್-8 ಎಂದು ಘೋಷಿಸಲು ಮರೆತರೆ ಇಷ್ಟೆಲ್ಲ ಮಾಡಿಯೂ ಕುರ್ಲಾ ಕಸವಾಗಿ ಕಾಣಬಹುದು.

ಕ್ಯಾನ್ವಾಸಿನ ಒಳಗೇ ಒಂದಿಷ್ಟು ಕನ್ನಡ ಬೇಕೆಂಬ ಆಸೆಗೆ ಒಂದು ಸಂದಿ ಇದೆ: ಅಂಕಿಗಳು. ೦ಯಿಂದ ೯ರವರೆಗೆ ಒತ್ತಿಲ್ಲ, ಗುಣಿತವಿಲ್ಲ, ಒಂದು ಸಂಕೇತಕ್ಕೆ ಒಂದೇ ಚಿತ್ರ. ಶೇಪಿಂಗ್ ಇಲ್ಲದೆಯೂ ಸರಿಯಾಗಿ ಬರುತ್ತವೆ. ೦ ಅಂಕಿಯ ಯುನಿಕೋಡ್ ಸಂಖ್ಯೆ 3302. ಬೋಗಿ ಎಣಿಕೆಯ ಪ್ರತಿ ಸ್ಥಾನದ ಅಂಕಿಯನ್ನು ಅದಕ್ಕೆ ಕೂಡಿಸಿ ಕ್ಯಾರೆಕ್ಟರ್ ಮಾಡಿದರೆ ಮೂಲೆಯಲ್ಲಿ ೧೫ ಎಂದು ಮಿಂಚುತ್ತದೆ.

ಹಂತ 11: ಒಂದೇ ಕೈಯ ಆಟ

ಈ ಆಟವನ್ನು ಆಡುವವರು ಮೇಜಿನ ಮುಂದೆ ಕುಳಿತವರಲ್ಲ. ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದರಲ್ಲಿ ಮೊಬೈಲ್. ನಾಲ್ಕು ಬಾಣದ ಗುಂಡಿಗಳನ್ನು ಪರದೆಯಲ್ಲಿ ಬಿಡಿಸಿದರೆ ಹೆಬ್ಬೆರಳು ಅಂಗಳವನ್ನೇ ಮುಚ್ಚುತ್ತದೆ. ಅದರ ಬದಲು ಪರದೆಯ ಎಡ ಅರ್ಧ ಮುಟ್ಟಿದರೆ ಗಾಡಿ ತನ್ನ ಎಡಕ್ಕೆ, ಬಲ ಅರ್ಧ ಮುಟ್ಟಿದರೆ ತನ್ನ ಬಲಕ್ಕೆ ಹೊರಳಲಿ. ಮ್ಯಾಕ್ರೋಕ್ವಾಡ್ ಸ್ಪರ್ಶವನ್ನು ಮೌಸ್ ಕ್ಲಿಕ್ ಎಂದೂ ತಿಳಿಸುವುದರಿಂದ ಈಸ್ ಮೌಸ್ ಬಟನ್ ಪ್ರೆಸ್ಡ್ ಮತ್ತು ಮೌಸ್ ಪೊಸಿಷನ್ ಎರಡೇ ಸಾಕು. ದಿಕ್ಕು ಒಂದು ಜೋಡಿ ತಾನೆ: ಬಲಕ್ಕೆ ಹೊರಳಲು ಎರಡು ಸಂಖ್ಯೆಗಳನ್ನು ಅದಲುಬದಲು ಮಾಡಿ, ಈಗ ಮೊದಲು ಬಂದದ್ದರ ಚಿಹ್ನೆ ತಿರುಗಿಸಿ. ಎಡಕ್ಕೆ ಆದರೆ ಎರಡನೆಯದರ ಚಿಹ್ನೆ. ಹೀಗೆ ಹೊರಳಿದರೆ ಹಿಮ್ಮುಖ ತಿರುವು ಒಂದೇ ಮುಟ್ಟಿಗೆ ಸಾಧ್ಯವೇ ಇಲ್ಲ. ಆದರೂ ಸರತಿಯನ್ನು ಬಿಡಬೇಡಿ, ಎರಡು ಮುಟ್ಟು ಸೇರಿದರೆ ಅದೇ ಹಳೆಯ ಡಿಕ್ಕಿ.

ಸದ್ದು ಬೇಕಾದರೆ ಕ್ರೇಟಿನ ಆಡಿಯೊ ಫೀಚರ್ ತೆರೆಯಿರಿ. ಆಟಗಾರ ಒಮ್ಮೆ ಮುಟ್ಟುವ ತನಕ ಬ್ರೌಸರ್ ಸದ್ದು ಹೊರಡಿಸುವುದಿಲ್ಲ, ಹಾಗಾಗಿ ‘ಆರಂಭ’ದ ಪರದೆಯಲ್ಲಿ ಒಂದು ಮುಟ್ಟು ಕಡ್ಡಾಯ ಮಾಡಿ. ನಾನಂತೂ ಹಾಕಿಲ್ಲ. ಗಾಡಿಯಲ್ಲಿ ಇರುವ ಸದ್ದೇ ಸಾಕು.

ಮನೆಯ ವೈಫೈನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸ ಮತ್ತು 8000 ಪೋರ್ಟ್ ಹಾಕಿ ಫೋನಿನಲ್ಲಿ ತೆರೆದು ನೋಡಿ.

ಹಂತ 12: ಸಣ್ಣದು ಮಾಡಿ, ಹಂಚಿ

ಕಾರ್ಗೋ ಟಾಮ್ಲ್ ಫೈಲಿನ ರಿಲೀಸ್ ಪ್ರೊಫೈಲಿನಲ್ಲಿ ಆಪ್ಟ್-ಲೆವೆಲ್ ಝಡ್, ಎಲ್‌ಟಿಒ ಟ್ರೂ, ಸ್ಟ್ರಿಪ್ ಟ್ರೂ ಎಂದು ಹಾಕಿ. ಡಿಬಗ್ ಬಿಲ್ಡಿಗಿಂತ ಹಲವು ಪಟ್ಟು ಚಿಕ್ಕದಾಗುತ್ತದೆ. ಕನ್ನಡ ಅಂಕಿಗಳಿಗಾಗಿ ಪೂರ್ತಿ ಫಾಂಟ್ ತುಂಬಿಸಿದ್ದರೆ ಹತ್ತು ಅಂಕಿಗಳನ್ನು ಮಾತ್ರ ಉಳಿಸಿ ಉಳಿದದ್ದನ್ನು ಕತ್ತರಿಸುವ ಸಾಧನಗಳಿವೆ, ಬಳಸಿ.

ಹಂಚಲು ಗಿಟ್‌ಹಬ್ ಪೇಜಸ್ ಸಾಕು. ವಿಂಡೋಸಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಒಂದೇ, ಅಲ್ಲಿ ಬೇರೆ ಬೇರೆ. ಫೈಲಿನ ಹೆಸರು ಪುಟದಲ್ಲಿ ಬರೆದಂತೆಯೇ ಇದೆಯೇ ನೋಡಿ. ಆಟಗಳನ್ನು ಹಂಚುವ ತಾಣವಾದ ಇಚ್ ಡಾಟ್ ಐಒದಲ್ಲಿ ಹಾಕುವುದಾದರೆ ಫೈಲುಗಳನ್ನು ಜಿಪ್ ಮಾಡಿ, ಫೋಲ್ಡರನ್ನಲ್ಲ. ಇಂಡೆಕ್ಸ್ ಪುಟ ಜಿಪ್‌ನ ಮೇಲ್ಮಟ್ಟದಲ್ಲೇ ಇರಬೇಕು.

ಹೊಸ ಆವೃತ್ತಿ ಹಾಕಿದ ಮೇಲೂ ಹಳೆಯ ಆಟವೇ ಕಾಣುತ್ತಿದ್ದರೆ ಬ್ರೌಸರ್ ಹಿಂದಿನ ವಾಸಂ ಫೈಲನ್ನು ಇಟ್ಟುಕೊಂಡಿದೆ. ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ. ನೆಂಟರ ಫೋನುಗಳಿಗೆಲ್ಲ ಹಾಗೆ ಹೇಳಲಾಗದು, ಅದಕ್ಕಾಗಿ ಪ್ರತಿ ಆವೃತ್ತಿಯ ವಾಸಂ ಫೈಲಿನ ಹೆಸರಿಗೆ ಒಂದು ಸಂಖ್ಯೆ ಸೇರಿಸಿ, ಪುಟದ ಲೋಡ್ ಸಾಲಿನಲ್ಲೂ ಅದನ್ನೇ ಬದಲಿಸಿ. ಒಮ್ಮೆ ತೆರೆದ ಆಟಕ್ಕೆ ಆಮೇಲೆ ನೆಟ್ ಬೇಡ. ದಾರಿಯಲ್ಲಿ ಸಿಗ್ನಲ್ ಹೋದರೂ ಗಾಡಿ ಓಡುತ್ತಲೇ ಇರುತ್ತದೆ, ಪುಟವನ್ನು ರಿಫ್ರೆಶ್ ಮಾಡದಿದ್ದರೆ ಆಯಿತು.